ಸೀಗಡಿ, ಏಡಿ ಫೀಡಿಗೆ ಹುದುಗಿಸಿದ ಹಿಂಡಿ: ಸೋಯಾನಾ, ಶೇಂಗಾನಾ, ಮೆಕ್ಕೆಜೋಳಾನಾ?

ಹೋದ ವಾರ ಹೊಳಲ್ಕೆರೆ ಕಡೆಯ ಹುಡುಗ ಒಬ್ಬ ಫೋನ್ ಮಾಡಿದ್ದ. ಕೃಷಿ ಹೊಂಡದಲ್ಲಿ ಸ್ಕಾಂಪಿ, ಅಂದ್ರೆ ಸಿಹಿನೀರಿನ ದೊಡ್ಡ ಸೀಗಡಿ, ಅದರ ಮರಿ ಬಿಟ್ಟಿದಾನೆ, ಎರಡು ತಿಂಗಳಾಗಿದೆ. "ಅಣ್ಣ, ಫರ್ಮೆಂಟೆಡ್ ಸೋಯಾ ಅಂತ ಒಬ್ರು ಚೀಲ ತಂದಾರ, ಕೆಜಿಗೆ 70 ಹೇಳ್ತಾರ, ಮಾಮೂಲಿ ಹಿಂಡಿಗಿಂತ ಭಾಳ ಜಾಸ್ತಿ ಆತಲ್ಲ, ಅದ್ರ ಬದ್ಲು ನಾನೇ ಚಳ್ಳಕೆರೆ ಶೇಂಗಾ ಹಿಂಡಿ ತಂದು ಡ್ರಮ್ಮಲ್ಲಿ ಹುಳಿ ಬರ್ಸಿ ಹಾಕ್ಲಾ?" ಅಂದ. ಎರಡು ನಿಮಿಷದಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು, ಸಂಜೆ ಬರೆದು ಕಳಿಸ್ತೀನಿ ಕಣಪ್ಪ ಅಂದಿದ್ದೆ, ಬರೀತಾ ಬರೀತಾ ಉದ್ದ ಆಯ್ತು, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಇಲ್ಲಿ ಹಾಕ್ತಿದೀನಿ.

ನಮ್ಮದು ದಾವಣಗೆರೆಯಲ್ಲಿ ಹಿಂಡಿ, ತೌಡು, ಮೆಕ್ಕೆಜೋಳದ ವ್ಯಾಪಾರ, ಅಪ್ಪನ ಕಾಲದಿಂದ. ಮಲೇಬೆನ್ನೂರು ಹತ್ರ ಭದ್ರಾ ಚಾನಲ್ ಪಕ್ಕ 20 ಗುಂಟೆ ಹೊಂಡ ಇದೆ, ಅದರಲ್ಲಿ ಸ್ಕಾಂಪಿ ಜೊತೆ ಕಾಟ್ಲಾ ಮೀನು ಸಾಕ್ತೀನಿ. ಅಕ್ಕನ್ನ ಕೊಟ್ಟಿರೋದು ಕುಮಟಾಕ್ಕೆ, ಭಾವನದು ಅಘನಾಶಿನಿ ದಡದ ಗಜನಿ ಜಮೀನು, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆ, ಅಲ್ಲಿ ವನ್ನಾಮೈ ಸೀಗಡಿ, ಒಂದು ಮೂಲೆಯಲ್ಲಿ ಬಲೆ ಕಟ್ಟಿ ಏಡಿ ಕೊಬ್ಬಿಸೋದು. ಹಾಗಾಗಿ ಹಿಂಡಿ ಮಾರೋ ಕಡೆಯಿಂದಾನೂ ತಿನ್ನಿಸೋ ಕಡೆಯಿಂದಾನೂ ಈ ವಿಷಯ ನೋಡಿದೀನಿ.

ಮೊದಲು ಹುದುಗಿಸೋದ್ರಿಂದ ಆಗೋದೇನು ಅಂತ ನೋಡೋಣ. ಬೆಣ್ಣೆ ದೋಸೆ ಊರಿನವರಿಗೆ ಹಿಟ್ಟು ಹುದುಗೋದು ಹೊಸದಾಗಿ ಹೇಳ್ಕೊಡಬೇಕಾಗಿಲ್ಲ, ಅದೇ ಕೆಲಸ ಇಲ್ಲಿ ಹಿಂಡಿಯಲ್ಲಿ ಆಗುತ್ತೆ ಅಷ್ಟೇ. ಸೋಯಾ ಹಿಂಡಿಯಲ್ಲಿ ಪ್ರೋಟೀನ್ 44ರಿಂದ 48 ಪರ್ಸೆಂಟ್ ಇದ್ರೂ ಅದರ ಜೊತೆ ಸೀಗಡಿಗೆ ಆಗಿಬರದ ಸುಮಾರು ಸಾಮಾನಿದೆ. ಪ್ರೋಟೀನ್ ಜೀರ್ಣ ಆಗದ ಹಾಗೆ ತಡೆಯೋ ಟ್ರಿಪ್ಸಿನ್ ಇನ್ಹಿಬಿಟರ್, ರಂಜಕವನ್ನ ಕಟ್ಟಿ ಹಿಡ್ಕೊಂಡಿರೋ ಫೈಟಿಕ್ ಆಸಿಡ್, ರಾಫಿನೋಸ್ ಸ್ಟಾಕಿಯೋಸ್ ಅನ್ನೋ ಸಕ್ಕರೆಗಳು, ಆಮೇಲೆ ಕರುಳಿಗೆ ಒಗ್ಗದ ಗ್ಲೈಸಿನಿನ್ ಥರದ ದೊಡ್ಡ ದೊಡ್ಡ ಪ್ರೋಟೀನು. ಸೀಗಡಿ ಕರುಳು ಚಿಕ್ಕದು, ತಿಂದಿದ್ದು ಕೆಲವೇ ಗಂಟೇಲಿ ಹೊರಗೆ ಹೋಗಿಬಿಡುತ್ತೆ, ಅಷ್ಟರಲ್ಲಿ ಇದನ್ನೆಲ್ಲ ಒಡೆಯೋಕೆ ಅದರ ಕೈಲಿ ಆಗಲ್ಲ. ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್, ಈಸ್ಟ್ ಇವನ್ನ ಹಾಕಿ ಎರಡು ಮೂರು ದಿನ ಇಟ್ರೆ ಆ ಕೆಲಸ ಅವು ಹೊರಗಡೆನೇ ಮಾಡಿಕೊಡ್ತವೆ, ಸಕ್ಕರೆಗಳನ್ನ ತಿಂದುಹಾಕ್ತವೆ, ಫೈಟೇಸ್ ಅನ್ನೋ ಕಿಣ್ವ ಬಿಟ್ಟು ರಂಜಕ ಬಿಡಿಸ್ತವೆ, ದೊಡ್ಡ ಪ್ರೋಟೀನನ್ನ ಪೆಪ್ಟೈಡ್ ಅನ್ನೋ ಸಣ್ಣ ಚೂರು ಮಾಡ್ತವೆ. ರಂಜಕ ಬಿಡಿಸೋದು ಹೊಂಡಕ್ಕೂ ಒಳ್ಳೇದು, ಇಲ್ಲಾಂದ್ರೆ ಅದು ಹಿಕ್ಕೆಯಲ್ಲಿ ನೀರಿಗೆ ಹೋಗಿ ಪಾಚಿ ಜಾಸ್ತಿ ಮಾಡುತ್ತೆ.

ಇಷ್ಟು ಮಾರೋರೂ ಹೇಳ್ತಾರೆ. ಹುದುಗಿಸೋದ್ರಿಂದ ಆಗದೇ ಇರೋದನ್ನ ಯಾರೂ ಹೇಳಲ್ಲ, ನಿಮ್ಮ ದುಡ್ಡು ಹೋಗೋದು ಅಲ್ಲೇ, ಅದಕ್ಕೆ ಅದನ್ನ ಬಿಡಿಸಿ ಹೇಳ್ತೀನಿ.

ಒಂದು, ಪ್ರೋಟೀನ್ ಹೊಸದಾಗಿ ಹುಟ್ಟಲ್ಲ. ಚೀಲದ ಮೇಲೆ 50 ಪರ್ಸೆಂಟ್ ಅಂತ ನೋಡಿ 46 ಇದ್ದದ್ದು 50 ಆಯ್ತು ಅಂತ ಖುಷಿ ಪಡ್ತೀವಲ್ಲ, ಲೆಕ್ಕ ಹಾಕಿ ನೋಡ್ರಿ. 100 ಕೆಜಿ ಹಿಂಡಿಯಲ್ಲಿ 46 ಕೆಜಿ ಪ್ರೋಟೀನ್ ಇತ್ತು. ಹುದುಗೋವಾಗ ಸೂಕ್ಷ್ಮಜೀವಿಗಳು 8 ಕೆಜಿಯಷ್ಟು ಸಕ್ಕರೆ ಪಿಷ್ಟ ತಿಂದು ಗಾಳಿಗೆ ಬಿಟ್ವು, ಉಳಿದಿದ್ದು 92 ಕೆಜಿ. 46ನ್ನ 92ರಿಂದ ಭಾಗಿಸಿದ್ರೆ 50 ಪರ್ಸೆಂಟ್. ಪ್ರೋಟೀನ್ ಅದೇ 46 ಕೆಜಿನೇ. ನೀವು ಜಾಸ್ತಿ ದುಡ್ಡು ಕೊಡಬೇಕಾಗಿರೋದು ಜೀರ್ಣ ಆಗೋ ಗುಣಕ್ಕೇ ಹೊರತು ಆ ನಾಲ್ಕು ಪರ್ಸೆಂಟಿಗಲ್ಲ.

ಎರಡು, ಇಲ್ಲದ ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆ, ಅಷ್ಟಾಗಿ ಬರಲ್ಲ. ಮೀನಿನ ಹುಡಿಯಲ್ಲಿ ಮಿಥಿಯೋನಿನ್ ಅನ್ನೋ ಅಮೈನೋ ಆಸಿಡ್ ಸುಮಾರು 1.7 ಪರ್ಸೆಂಟ್ ಇದ್ರೆ ಸೋಯಾ ಹಿಂಡಿಯಲ್ಲಿ 0.6ರ ಆಸುಪಾಸು, ಶೇಂಗಾ ಹಿಂಡಿಯಲ್ಲಿ ಅದಕ್ಕಿಂತಾನೂ ಕಮ್ಮಿ. ಹುದುಗಿಸಿದ ಮೇಲೂ ಸೋಯಾ ಸೋಯಾನೇ. ಪೌಡರ್ ಮಿಥಿಯೋನಿನ್ ಬೆರೆಸಿದ್ರೆ ಆಯ್ತಲ್ಲ ಅಂತೀರಾ, ಕೋಳಿಗೆ ಆಗುತ್ತೆ, ಸೀಗಡಿ ಫೀಡಿನ ಕಾಳು ಹಿಡ್ಕೊಂಡು ನಿಧಾನಕ್ಕೆ ಕೆರೆದು ಕೆರೆದು ತಿನ್ನೋ ಪ್ರಾಣಿ, ಅಷ್ಟರಲ್ಲಿ ಪೌಡರ್ ನೀರಲ್ಲಿ ಕರಗಿಹೋಗಿರುತ್ತೆ. ಕೋಟಿಂಗ್ ಇರೋ ಮಿಥಿಯೋನಿನ್ನೇ ಬೇಕು.

ಮೂರು, ಕೊಲೆಸ್ಟರಾಲ್. ನಮಗೆ ಡಾಕ್ಟರು ಬೇಡ ಅಂತಾರಲ್ಲ ಅದೇ, ಆದ್ರೆ ಸೀಗಡಿಗೂ ಏಡಿಗೂ ಅದು ಇಲ್ಲದೆ ಆಗಲ್ಲ, ಪೊರೆ ಕಳಚೋಕೆ ಬೇಕಾದ ಹಾರ್ಮೋನ್ ಅದರಿಂದಾನೇ ಆಗೋದು, ಅವುಗಳ ಮೈಯಲ್ಲಿ ಅದು ತಾನಾಗಿ ತಯಾರಾಗಲ್ಲ, ತಿಂಡಿಯಲ್ಲೇ ಬರಬೇಕು. ಗಿಡದ ಯಾವ ಹಿಂಡಿಯಲ್ಲೂ ಅದು ಸಿಗಲ್ಲ ಅನ್ನಬಹುದು. ಮೀನಿನ ಹುಡಿ ಕಡಿಮೆ ಮಾಡ್ತಾ ಹೋದ ಹಾಗೆ ಕೊಲೆಸ್ಟರಾಲೂ ಕಡಿಮೆ ಆಗ್ತಾ ಹೋಗುತ್ತೆ, ಸೀಗಡಿ ತಲೆ ಹುಡಿ, ಸ್ಕ್ವಿಡ್ ಹುಡಿ ಇಂಥದ್ದು ಸ್ವಲ್ಪ ಇರಲೇಬೇಕು. 100 ಕೆಜಿ ಫೀಡಲ್ಲಿ 100ರಿಂದ 200 ಗ್ರಾಂ ಕೊಲೆಸ್ಟರಾಲ್ ಇದ್ರೆ ಸಾಕಾಗುತ್ತೆ, ಆದ್ರೆ ಆ ಚಿಟಿಕೆ ಇಲ್ಲದಿದ್ರೆ ಎಷ್ಟು ಒಳ್ಳೇ ಹಿಂಡಿ ಹಾಕಿದ್ರೂ ಪೊರೆ ಬಿಡೋವಾಗ ಸಾಯ್ತವೆ.

ನಾಲ್ಕನೇದು ವಿಷ, ಅಂದ್ರೆ ಬೂಷ್ಟಿನ ವಿಷ. ಅದನ್ನ ಶೇಂಗಾ ಬಂದಾಗ ಹೇಳ್ತೀನಿ.

ಇನ್ನು ಯಾವ ಪ್ರಾಣಿಗೆ ಅನ್ನೋದನ್ನ ಮೊದಲೇ ಇತ್ಯರ್ಥ ಮಾಡ್ಕೊಳ್ರಿ, ಎಲ್ಲಾನೂ ಸೀಗಡಿ ಅಂತ ಒಂದೇ ಚೀಲ ಹಾಕೋಕೆ ಬರಲ್ಲ. ಸಿಹಿನೀರಿನ ಸ್ಕಾಂಪಿ ನಮ್ಮ ಹೊಂಡಗಳಲ್ಲಿ ಬೆಳೆಯೋದು, ಅದು ಗಿಡ ಹುಳ ಕೊಳೆತಿದ್ದು ಎಲ್ಲಾ ತಿನ್ನುತ್ತೆ, 28ರಿಂದ 32 ಪರ್ಸೆಂಟ್ ಪ್ರೋಟೀನ್ ಫೀಡ್ ಸಾಕು, ಹಿಂಡಿಗೆ ಚೆನ್ನಾಗೇ ಒಗ್ಗಿಕೊಳ್ಳುತ್ತೆ. ವನ್ನಾಮೈ ಕರಾವಳಿಯದು, ನಮ್ಮ ದೇಶಕ್ಕೆ 2009ರಲ್ಲಿ ಪರ್ಮಿಷನ್ ಸಿಕ್ಕಿ ಬಂದಿದ್ದು, ಅದಕ್ಕೆ 32ರಿಂದ 38 ಬೇಕು, ಗಿಡದ ಪ್ರೋಟೀನನ್ನ ಟೈಗರ್ ಸೀಗಡಿಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಕೆಸರು ಏಡಿ ಮಾತ್ರ ಬೇರೆ ಜಾತಿ, ಅದು ಮಾಂಸ ತಿನ್ನೋದು, 40ರ ಮೇಲೆ ಪ್ರೋಟೀನ್ ಕೇಳುತ್ತೆ. ಭಾವ ಏಡಿ ಕೊಬ್ಬಿಸೋದು ಹೊಸದಾಗಿ ಪೊರೆ ಬಿಟ್ಟು ಒಳಗೆ ನೀರು ತುಂಬಿರೋ ಮೆತ್ತನೆ ಏಡಿ ತಂದು, ಮೂರು ನಾಲ್ಕು ವಾರ ಕಚಡಾ ಮೀನು ಹಾಕಿ. ಅಂಥ ಕಡಿಮೆ ದಿನದ ಕೆಲಸಕ್ಕೆ ಹುದುಗಿಸಿದ ಹಿಂಡಿ ಕಟ್ಟಿಕೊಂಡು ಏನೂ ಉಪಯೋಗ ಇಲ್ಲ, ನನ್ನ ಮಾತು ಕೇಳಿ ಒಂದು ಸಲ ಉಂಡೆ ಮಾಡಿ ಹಾಕಿ ನೋಡಿದ್ರು, ಏಡಿ ಮುಟ್ಟಿ ನೋಡಿ ಬಿಟ್ಟು ಹೋಯ್ತು. ಏಡಿಗೆ ಹುದುಗಿಸಿದ ಸೋಯಾ ಚೆನ್ನಾಗಿ ಆಗುತ್ತೆ ಅಂತ ಓದಿದ್ರೆ ಅದು ಹೆಚ್ಚಾಗಿ ಚೀನಾದ ಮಿಟನ್ ಏಡಿ ಬಗ್ಗೆ ಇರುತ್ತೆ, ಅದು ಸಿಹಿನೀರಿನ ಕೆರೆಯಲ್ಲಿ ಬೆಳೆದು ಗಿಡನೂ ತಿನ್ನೋ ಏಡಿ, ನಮ್ಮ ಕೆಸರು ಏಡಿಗೆ ಅದೇ ಲೆಕ್ಕ ಹಾಕ್ಬೇಡ್ರಿ.

ವಯಸ್ಸೂ ನೋಡ್ಬೇಕು. ಮರಿ ಬಿಟ್ಟ ಮೊದಲ ಒಂದು ತಿಂಗಳು ಏನೂ ಪ್ರಯೋಗ ಬೇಡ, ಒಳ್ಳೇ ಕಂಪನಿ ಮರಿ ಫೀಡೇ ಹಾಕ್ರಿ. ಆಗ ತಿನ್ನೋದೇ ನಾಲ್ಕು ಕೆಜಿ, ಅಲ್ಲಿ ಉಳಿಸೋಕೆ ಹೋಗಿ ಬುನಾದಿನೇ ಕೆಡಿಸ್ಕೊಂಡ ಹಾಗೆ ಆಗುತ್ತೆ.

ಈಗ ಸೋಯಾ. ಹುದುಗಿಸಿದ ಪ್ರೋಟೀನ್ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಇದೇ, ಕಾರಣನೂ ಇದೆ, ಗಿಡದ ಹಿಂಡಿಗಳಲ್ಲೇ ಲೈಸಿನ್ ಅನ್ನೋ ಅಮೈನೋ ಆಸಿಡ್ ಚೆನ್ನಾಗಿರೋದು ಇದರಲ್ಲೇ, ಸುಮಾರು 2.9 ಪರ್ಸೆಂಟ್. ಮೀನಿನ ಹುಡಿಯ ಕಾಲು ಭಾಗದಿಂದ ಅರ್ಧದ ತನಕ ತೆಗೆದು ಹುದುಗಿಸಿದ ಸೋಯಾ ಹಾಕಿದ್ರೆ ವನ್ನಾಮೈ ಬೆಳವಣಿಗೆ ಅಷ್ಟಾಗಿ ಬೀಳಲ್ಲ, ಅದನ್ನ ದಾಟಿ ಹೋದ ಹಾಗೆ ತೂಕ ಕಡಿಮೆ ಆಗ್ತಾ ಬರುತ್ತೆ. ಸ್ಕಾಂಪಿಯಲ್ಲಿ ಇನ್ನೂ ಸ್ವಲ್ಪ ಧೈರ್ಯ ಮಾಡಬಹುದು. ತೊಂದರೆ ಏನಂದ್ರೆ ಸೋಯಾ ಬೆಳೆಯೋದು ಬೀದರ್ ಬೆಳಗಾವಿ ಧಾರವಾಡ ಕಡೆ, ನಮಗೆ ಬಾಡಿಗೆ ಸೇರಿ ಬರುತ್ತೆ, ಅದರ ಮೇಲೆ ಹುದುಗಿಸಿ ಒಣಗಿಸಿದ ಖರ್ಚು. ಇನ್ನೊಂದು ವಿಷಯ, ಒಣಗಿಸೋವಾಗ ಬಿಸಿ ಜಾಸ್ತಿ ಆದ್ರೆ ಲೈಸಿನ್ ಸಕ್ಕರೆ ಜೊತೆ ಸೇರಿ ಸುಟ್ಟ ಹಾಗೆ ಆಗುತ್ತೆ, ಲ್ಯಾಬಲ್ಲಿ ಪ್ರೋಟೀನ್ ಪೂರ್ತಿ ತೋರ್ಸುತ್ತೆ, ಸೀಗಡಿಗೆ ಮಾತ್ರ ಸಿಗಲ್ಲ. ಕೈಯಲ್ಲಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ, ತಿಳಿ ಕಂದು ಅಥವಾ ಹಳದಿ ಮಿಶ್ರ ಕಂದು ಇದ್ದು ಹುಳಿ ಹುಳಿ ವಾಸನೆ ಬಂದ್ರೆ ಸರಿ, ಕಾಫಿ ಪುಡಿ ಬಣ್ಣಕ್ಕೆ ತಿರುಗಿ ಹುರಿದ ವಾಸನೆ ಬಂದ್ರೆ ನಾನು ತಗೊಳ್ಳಲ್ಲ.

ಶೇಂಗಾ ಹಿಂಡಿ ನಮ್ಮ ಮನೆ ಬಾಗಿಲಿನ ಮಾಲು. ಚಳ್ಳಕೆರೆಯನ್ನ ಎಣ್ಣೆ ಊರು ಅಂತ ಕರೆಯೋದು ಸುಮ್ಮನೆ ಅಲ್ಲ, ಮಿಲ್ಲು ಎಷ್ಟೋ ಮುಚ್ಚಿದ್ರೂ ಇವತ್ತಿಗೂ ಗಾಣದಿಂದ ಬಿಸಿಬಿಸಿ ಹಿಂಡಿ ಬೀಳೋವಾಗ ಬರೋ ಪರಿಮಳಕ್ಕೆ ಮನುಷ್ಯರಿಗೇ ಹಸಿವಾಗುತ್ತೆ. ಪ್ರೋಟೀನ್ 40ರಿಂದ 45, ಸೀಗಡಿಗೆ ರುಚಿನೂ ಹಿಡಿಸುತ್ತೆ, ಆರ್ಜಿನಿನ್ ಅನ್ನೋ ಅಮೈನೋ ಆಸಿಡ್ ಭರ್ತಿ ಇದೆ, ರೇಟೂ ಕಡಿಮೆ. ಲೈಸಿನ್ ಮಾತ್ರ ಸೋಯಾದ ಅರ್ಧದಷ್ಟೇ, ಮಿಥಿಯೋನಿನ್ನೂ ಕಮ್ಮಿ. ಅದನ್ನ ಬೇರೆ ಏನಾದ್ರೂ ಬೆರೆಸಿ ಸರಿ ಮಾಡ್ಕೋಬಹುದು. ಸರಿ ಮಾಡೋಕೆ ಆಗದಿರೋದು ಅಫ್ಲಟಾಕ್ಸಿನ್ ಅನ್ನೋ ಬೂಷ್ಟಿನ ವಿಷ. ಶೇಂಗಾ ಹೊಲದಲ್ಲಿ ಕೊನೆಗೆ ಬರ ಬಿದ್ರೆ, ಕಿತ್ತ ಮೇಲೆ ಮಳೆಗೆ ಸಿಕ್ರೆ, ಗೋಡೌನಲ್ಲಿ ತೇವ ಆದ್ರೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ಬಂದು ಅದನ್ನ ಬಿಡುತ್ತೆ. ದನದ ಫೀಡಿಗೇ 20 ಪಿಪಿಬಿ ಅಂತ ಮಿತಿ ಹಾಕಿದಾರೆ, ಅಂದ್ರೆ ಒಂದು ಟನ್ ಫೀಡಲ್ಲಿ 20 ಮಿಲಿಗ್ರಾಂ, ಅಷ್ಟು ಸೂಕ್ಷ್ಮ ಅದು. ಕುದಿಸಿದ್ರೂ ಹೋಗಲ್ಲ, ಹುದುಗಿಸಿದ್ರೂ ನಂಬೋ ಮಟ್ಟಿಗೆ ಹೋಗಲ್ಲ. ಕೆಲವು ಬ್ಯಾಕ್ಟೀರಿಯಾ ಸ್ವಲ್ಪ ಕಡಿಮೆ ಮಾಡ್ತವೆ ಅನ್ನೋದು ನಿಜ, ಅದನ್ನ ನಂಬ್ಕೊಂಡು ಕೆಟ್ಟ ಹಿಂಡಿ ಡ್ರಮ್ಮಿಗೆ ಹಾಕೋದು ಬೇಡ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ಮಿಲ್ಲಿಂದ ಹತ್ತು ಚೀಲ ಶೇಂಗಾ ಹಿಂಡಿ ತಂದಿದ್ದೆ. ಚೀಲದ ತಳದಲ್ಲಿ ಸ್ವಲ್ಪ ತೇವ ಇತ್ತು, ಕೇಳಿದ್ದಕ್ಕೆ ಲಾರಿಯಲ್ಲಿ ಮಳೆ ಹನಿ ಬಿದ್ದಿದ್ದು ಅಂದ್ರು, ಹೆಂಗಿದ್ರೂ ನೀರು ಹಾಕಿ ಹುದುಗಿಸೋದೇ ಅಲ್ವಾ ಅಂತ ನಾನೂ ಬಿಟ್ಟೆ. ಡ್ರಮ್ ತೆಗೆದಾಗ ಮಜ್ಜಿಗೆ ಥರ ಚೆಂದ ಹುಳಿ ವಾಸನೆ. ಆ ಹುಳಿ ವಾಸನೆನೇ ಬೂಷ್ಟಿನ ವಾಸನೆಯನ್ನ ಮುಚ್ಚಿಹಾಕಿತ್ತು ಅಂತ ಆಮೇಲೆ ಅರ್ಥ ಆಗಿದ್ದು. ಮೂರು ವಾರ ಚೆನ್ನಾಗೇ ತಿಂದ್ವು, ನಾಲ್ಕನೇ ವಾರ ಚೆಕ್ ಟ್ರೇಯಲ್ಲಿ (ಎಷ್ಟು ತಿಂದ್ವು ಅಂತ ನೋಡೋಕೆ ಹೊಂಡಕ್ಕೆ ಇಳಿಸೋ ತಟ್ಟೆ) ಫೀಡ್ ಉಳಿಯೋಕೆ ಶುರು ಆಯ್ತು. ಒಂದು ಸ್ಕಾಂಪಿ ಹಿಡಿದು ಬೆಳಕಿಗೆ ಅಡ್ಡ ಹಿಡಿದು ನೋಡಿದೆ, ತಲೆಯೊಳಗೆ ಗಾಢ ಕಂದು ಬಣ್ಣಕ್ಕೆ ಕಾಣಬೇಕಾದ ಹೆಪಟೋಪ್ಯಾಂಕ್ರಿಯಾಸು, ಅಂದ್ರೆ ನಮ್ಮ ಲಿವರ್ ಥರದ ಅಂಗ, ಬಿಳಚಿಕೊಂಡು ಕುಗ್ಗಿತ್ತು. ಉಳಿದಿದ್ದ ಹಿಂಡಿ ಟೆಸ್ಟಿಗೆ ಕಳಿಸಿದೆ, ರಿಪೋರ್ಟಲ್ಲಿ ಅಫ್ಲಟಾಕ್ಸಿನ್ ಮಿತಿಗಿಂತ ಎಷ್ಟೋ ಮೇಲೆ. ಬಿಟ್ಟಿದ್ದು 4000 ಮರಿ, ಹಿಡಿದಾಗ ಸಿಕ್ಕಿದ್ದು 900 ಸಹ ತುಂಬಲಿಲ್ಲ, ಸಿಕ್ಕಿದ್ದೂ ಸಣ್ಣವು. ಆವತ್ತು ಬಲೆ ಎಳೆಯೋಕೆ ಬಂದಿದ್ದ ಹುಡುಗರು ಏನೂ ಮಾತಾಡದೆ ಬುಟ್ಟಿ ತೊಳೆದಿಟ್ಟು ಹೋದ್ರು, ಅದು ಇನ್ನೂ ಕಣ್ಮುಂದೆ ಇದೆ.

ಹಾಗಂತ ಶೇಂಗಾ ಬಿಟ್ಟಿಲ್ಲ ನಾನು. ಡಿಸೆಂಬರಿಂದ ಮಾರ್ಚ್ ಒಳಗೆ ಹೊಸ ಕಾಯಿಯಿಂದ ತೆಗೆದ ಹಿಂಡಿ, ತೆಗೆದು ಎರಡು ವಾರ ಆಗಿರಬಾರದು, ಮುರಿದ್ರೆ ಟಪ್ ಅನ್ನಬೇಕು, ಬಗ್ಗಿದ್ರೆ ಬೇಡ, ಜೊತೆಗೆ ಟೆಸ್ಟ್ ರಿಪೋರ್ಟ್. ಇಷ್ಟಿದ್ರೆ ಹುದುಗಿಸಿ, ಸೋಯಾ ಜೊತೆ ಅರ್ಧಂಬರ್ಧ ಬೆರೆಸಿ ದೊಡ್ಡ ಸ್ಕಾಂಪಿಗೆ ಹಾಕ್ತೀನಿ. ಮಳೆಗಾಲದಲ್ಲಿ ಮುಟ್ಟಲ್ಲ. ಭಾವನಿಗಂತೂ ವನ್ನಾಮೈಗೆ ಬೇಡವೇ ಬೇಡ ಅಂತ ಹೇಳಿದೀನಿ, ಎಕರೆಗೆ ಲಕ್ಷಗಟ್ಟಲೆ ಮರಿ ಬಿಟ್ಟಿರೋ ಹೊಂಡದಲ್ಲಿ ಅಷ್ಟು ದೊಡ್ಡ ಜೂಜು ಯಾಕೆ.

ಹತ್ತಿಕಾಳು ಹಿಂಡಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಿಪ್ಪೆ ಸಮೇತ ಇರೋ ದನದ ಹಿಂಡಿಯಲ್ಲಿ ನಾರೇ ಜಾಸ್ತಿ, ಪ್ರೋಟೀನ್ 22-24, ಅದು ದನಕ್ಕೇ ಇರಲಿ. ಸಿಪ್ಪೆ ತೆಗೆದಿದ್ದು 40ರ ತನಕ ಬರುತ್ತೆ ಆದ್ರೆ ಗಾಸಿಪಾಲ್ ಅನ್ನೋ ವಿಷ ಇದೆ, ಅದು ಲೈಸಿನ್ನನ್ನೂ ಕಟ್ಟಿಹಾಕುತ್ತೆ. ಹುದುಗಿಸಿದ್ರೆ ಗಾಸಿಪಾಲ್ ನಿಜವಾಗ್ಲೂ ಕಡಿಮೆ ಆಗುತ್ತೆ, ಅದಕ್ಕೆ ಸರಿಯಾದ ಜೀವಿನೇ ಬೇಕು, ಮೊಸರು ಹಾಕಿ ಮನೇಲಿ ಮಾಡೋ ಕೆಲಸ ಅಲ್ಲ. ಫ್ಯಾಕ್ಟರಿ ಮಾಲು ಫ್ರೀ ಗಾಸಿಪಾಲ್ ಎಷ್ಟು ಅಂತ ಬರೆದು ಕೊಟ್ರೆ ಸ್ವಲ್ಪ ಬೆರೆಸ್ರಿ, ಇಲ್ಲಾಂದ್ರೆ ಬೇಡ. ಸೂರ್ಯಕಾಂತಿ ಹಿಂಡಿಗೂ ನಾರಿನ ಕಥೆನೇ, ಅದರಲ್ಲಿ ಮಿಥಿಯೋನಿನ್ ಸ್ವಲ್ಪ ಚೆನ್ನಾಗಿದೆ ಅನ್ನೋದೊಂದೇ ಪುಣ್ಯ.

ಮೆಕ್ಕೆಜೋಳ ನಮ್ಮ ಜಿಲ್ಲೆ ಬೆಳೆ, ಎಪಿಎಂಸಿಯಲ್ಲಿ ಸೀಸನ್ ಬಂತು ಅಂದ್ರೆ ಕಾಲಿಡೋಕೆ ಜಾಗ ಇರಲ್ಲ. ಇದರಿಂದ ಎರಡು ಮಾಲು ಬರ್ತವೆ, ಎರಡನ್ನೂ ಒಂದೇ ಅಂದ್ಕೊಂಡು ಜನ ಮೋಸ ಹೋಗ್ತಾರೆ. ಒಂದು ಗ್ಲೂಟನ್, ಪಿಷ್ಟ ತೆಗೆಯೋ ಫ್ಯಾಕ್ಟರಿಯದು, 60 ಪರ್ಸೆಂಟ್ ಪ್ರೋಟೀನ್, ಮಿಥಿಯೋನಿನ್ 1.4ರ ಹತ್ರ ಇದ್ದು ಮೀನಿನ ಹುಡಿಗೆ ಹತ್ತಿರ ಬರುತ್ತೆ, ಲೈಸಿನ್ ಮಾತ್ರ ಒಂದೇ ಪರ್ಸೆಂಟ್. ನೋಡ್ರಿ, ಸೋಯಾದಲ್ಲಿ ಲೈಸಿನ್ ಇದೆ ಮಿಥಿಯೋನಿನ್ ಇಲ್ಲ, ಇದರಲ್ಲಿ ಉಲ್ಟಾ. ರೊಟ್ಟಿ ಜೊತೆ ಕಾಳು ಪಲ್ಯ ಇಟ್ಟ ಹಾಗೆ, ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಹುದುಗಿಸಿದ ಸೋಯಾ ನಾಲ್ಕು ಪಾಲಿಗೆ ಗ್ಲೂಟನ್ ಒಂದು ಪಾಲು ಬೆರೆಸಿ ನಾನು ಹಾಕ್ತಿರೋದು, ಸ್ಕಾಂಪಿಗೆ ಚೆನ್ನಾಗಿ ಹೊಂದಿದೆ.

ಇನ್ನೊಂದು ಡಿಡಿಜಿಎಸ್, ಎಥನಾಲ್ ಫ್ಯಾಕ್ಟರಿಯಲ್ಲಿ ಪಿಷ್ಟ ಸ್ಪಿರಿಟ್ ಆಗಿ ಹೋದ ಮೇಲೆ ಉಳಿಯೋ ಚರಟ. ಇದನ್ನೂ ಈಗ ಹುದುಗಿಸಿದ ಪ್ರೋಟೀನ್ ಅಂತಾನೇ ಮಾರ್ತಾರೆ, ಸುಳ್ಳೇನಲ್ಲ, ಈಸ್ಟಲ್ಲಿ ಹುದುಗಿದ್ದೇ ಅದು, ಈಸ್ಟೂ ಅದರಲ್ಲೇ ಇರುತ್ತೆ. ಆದ್ರೆ ಅಲ್ಲಿ ಹುದುಗಿಸಿದ್ದು ಸ್ಪಿರಿಟ್ ತೆಗೆಯೋಕೆ, ಸೀಗಡಿ ಹೊಟ್ಟೆಗೆ ಅಂತ ಅಲ್ಲ. ಮೆಕ್ಕೆಜೋಳದ ಡಿಡಿಜಿಎಸ್ ಪ್ರೋಟೀನ್ 27-30 ಅಷ್ಟೇ, ಅಕ್ಕಿಯದಾದ್ರೆ 45ರ ತನಕ ಹೋಗುತ್ತೆ, ಚೀಲದ ಮೇಲೆ ಯಾವುದರದು ಅಂತ ಕೇಳ್ರಿ. ಬಿಸಿ ಡ್ರೈಯರಲ್ಲಿ ಒಣಗಿರೋದ್ರಿಂದ ಲೈಸಿನ್ ಕಥೆ ಮೊದಲೇ ಹೇಳಿದೆನಲ್ಲ ಹಾಗೇ. ಎಲ್ಲಕ್ಕಿಂತ ದೊಡ್ಡ ಭಯ ಅಂದ್ರೆ ಕಾಳಿನ ಮೂರರಲ್ಲಿ ಎರಡು ಪಾಲು ಪಿಷ್ಟ ಹೋಗಿಬಿಡುತ್ತೆ, ಬೂಷ್ಟಿನ ವಿಷ ಹೋಗಲ್ಲ, ಹಾಗಾಗಿ ಕಾಳಲ್ಲಿ ಇದ್ದ ವಿಷ ಚರಟದಲ್ಲಿ ಸುಮಾರು ಮೂರು ಪಟ್ಟು ಆಗಿ ಕೂತಿರುತ್ತೆ. ಎಥನಾಲಿಗೆ ಹೋಗೋ ಕಾಳಿನಲ್ಲಿ ಮಳೆಗೆ ಸಿಕ್ಕು ಕಪ್ಪಾದ ಜೋಳನೂ ಸೇರಿರುತ್ತೆ, ವ್ಯಾಪಾರದಲ್ಲಿ ಇರೋನಿಗೆ ಅದು ಗೊತ್ತಿರೋ ವಿಷಯ. ಫೀಡಲ್ಲಿ 5-10 ಪರ್ಸೆಂಟ್ ದಾಟಿಸಬೇಡ್ರಿ, ಅದೂ ರಿಪೋರ್ಟ್ ನೋಡಿ.

ಯಾವ ಜೀವಿಯಲ್ಲಿ ಹುದುಗಿಸಿದ್ದು ಅನ್ನೋದ್ರಲ್ಲೂ ವ್ಯತ್ಯಾಸ ಇದೆ. ಬ್ಯಾಸಿಲಸ್ ಸಬ್ಟಿಲಿಸ್ ಪ್ರೋಟೀನ್ ಒಡೆಯೋದ್ರಲ್ಲಿ ಎಲ್ಲರಿಗಿಂತ ಮುಂದು, ಪೆಪ್ಟೈಡ್ ಜಾಸ್ತಿ ಸಿಗುತ್ತೆ, ಮಾಲು ಅಂಟಂಟು ಆಗುತ್ತೆ, ಅತಿಯಾದ್ರೆ ಅಮೋನಿಯಾ ಘಾಟು ಬರುತ್ತೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಪ್ರೋಟೀನ್ ಅಷ್ಟು ಒಡೆಯಲ್ಲ ಆದ್ರೆ ಹುಳಿ ಮಾಡಿ ಕೊಳೆಯದ ಹಾಗೆ ಕಾಪಾಡುತ್ತೆ, ಮನೇಲಿ ಮಾಡೋರಿಗೆ ಇದೇ ಸುರಕ್ಷಿತ. ಈಸ್ಟಿಂದ ನ್ಯೂಕ್ಲಿಯೋಟೈಡ್, ಬೀಟಾ ಗ್ಲೂಕಾನ್ ಸಿಗ್ತವೆ, ವಾಸನೆಗೆ ಸೀಗಡಿ ಹತ್ರ ಬರುತ್ತೆ. ಆಸ್ಪರ್ಜಿಲಸ್ ಒರೈಜೆ ಅನ್ನೋ ಬೂಷ್ಟಲ್ಲಿ ಮಾಡಿದ್ದೂ ಒಳ್ಳೇದೇ, ಆದ್ರೆ ಕೆಟ್ಟ ಬೂಷ್ಟಿಗೂ ಅದಕ್ಕೂ ಕಣ್ಣಲ್ಲಿ ವ್ಯತ್ಯಾಸ ಹೇಳೋದು ಕಷ್ಟ, ಮನೇಲಿ ಅದರ ತಂಟೆ ಬೇಡ.

ಚೀಲ ತಗೊಳ್ಳೋವಾಗ ಕ್ರೂಡ್ ಪ್ರೋಟೀನ್ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗ್ಬೇಡ್ರಿ. ಆ ಲೆಕ್ಕ ಸಾರಜನಕ ಅಳೆದು 6.25ರಿಂದ ಗುಣಿಸಿದ್ದು, ಯೂರಿಯಾ ಬೆರೆಸಿದ್ರೂ ಪ್ರೋಟೀನ್ ಅಂತಾನೇ ತೋರ್ಸುತ್ತೆ, ಕೊಳೆತು ಅಮೋನಿಯಾ ಆಗಿದ್ರೂ ಹಾಗೇ. ಆಸಿಡ್‌ನಲ್ಲಿ ಕರಗೋ ಪ್ರೋಟೀನ್ ಎಷ್ಟು, ಅಂದ್ರೆ ಪೆಪ್ಟೈಡ್ ಎಷ್ಟು ಅಂತ ಕೇಳ್ರಿ, ನಿಜವಾಗಿ ಹುದುಗಿಸಿದವರ ಹತ್ರ ಆ ನಂಬರ್ ಇರುತ್ತೆ. ತೇವಾಂಶ 12ರ ಒಳಗೆ ಇರಬೇಕು, ಅಫ್ಲಟಾಕ್ಸಿನ್ ರಿಪೋರ್ಟ್ ಅದೇ ಬ್ಯಾಚಿಂದು ಇರಬೇಕು, ಹೋದ ವರ್ಷದ ಝೆರಾಕ್ಸ್ ಅಲ್ಲ.

ರೇಟ್ ಹೋಲಿಸೋಕೆ ಕೆಜಿ ರೇಟ್ ನೋಡ್ಬೇಡ್ರಿ, ಪ್ರೋಟೀನ್ ಕೆಜಿಗೆ ಎಷ್ಟು ಬಿತ್ತು ಅಂತ ನೋಡ್ರಿ. ಉದಾಹರಣೆಗೆ ಮೀನಿನ ಹುಡಿ 120 ರೂಪಾಯಿ, 60 ಪರ್ಸೆಂಟ್ ಅಂದ್ಕೊಂಡ್ರೆ ಪ್ರೋಟೀನ್ ಕೆಜಿಗೆ 200. ಹುದುಗಿಸಿದ ಸೋಯಾ 70ಕ್ಕೆ, 50 ಪರ್ಸೆಂಟ್ ಅಂದ್ರೆ 140. ಶೇಂಗಾ ಹಿಂಡಿ 45ಕ್ಕೆ, 42 ಅಂದ್ರೆ 107 ಚಿಲ್ಲರೆ. ಇಲ್ಲಿಗೆ ನಿಲ್ಲಿಸಿದ್ರೆ ಶೇಂಗಾನೇ ಗೆಲ್ಲುತ್ತೆ. ಮುಂದಕ್ಕೆ ಹೋಗಿ, ಒಂದು ಕೆಜಿ ಸೀಗಡಿ ಆಗೋಕೆ ಎಷ್ಟು ಕೆಜಿ ಫೀಡ್ ಬೇಕು ಅಂತ ಸೇರಿಸ್ರಿ. 90 ರೂಪಾಯಿ ಫೀಡ್ 1.4 ಕೆಜಿ ತಿಂದು ಒಂದು ಕೆಜಿ ಆದ್ರೆ ಖರ್ಚು 126, 80 ರೂಪಾಯಿ ಫೀಡ್ 1.7 ಕೆಜಿ ತಿಂದ್ರೆ 136. ಚೀಲದಲ್ಲಿ ಹತ್ತು ರೂಪಾಯಿ ಉಳಿಸಿ ಹೊಂಡದಲ್ಲಿ ಹತ್ತು ಕಳ್ಕೊಂಡ್ರಿ, ಮೇಲೆ ಆ 300 ಗ್ರಾಂ ಜಾಸ್ತಿ ಫೀಡ್ ತಳದಲ್ಲಿ ಕೊಳೀತಾ ಕೂತಿರುತ್ತೆ. ನಿಮ್ಮ ಊರಿನ ರೇಟ್ ಹಾಕಿ ಇದೇ ಲೆಕ್ಕ ಮಾಡ್ಕೊಳ್ರಿ.

ಮನೇಲಿ ಮಾಡೋದಾದ್ರೆ ನಾನು ಮಾಡೋ ರೀತಿ ಇದು. ಹಿಂಡಿಯನ್ನ ರವೆ ಥರ ಪುಡಿ ಮಾಡಿ, ಮುಷ್ಟಿಯಲ್ಲಿ ಹಿಂಡಿದ್ರೆ ಮುದ್ದೆ ನಿಲ್ಲಬೇಕು ಬೆರಳ ಸಂದೀಲಿ ನೀರು ಬರಬಾರದು, ಅಷ್ಟು ನೀರು. 50 ಕೆಜಿಗೆ ಒಂದು ಕೆಜಿ ಬೆಲ್ಲ ಕರಗಿಸಿ ಹಾಕಿ, ಲ್ಯಾಕ್ಟೋಬ್ಯಾಸಿಲಸ್ ಪ್ಯಾಕೆಟ್ ಸಿಕ್ರೆ ಅದು, ಸಿಗದಿದ್ರೆ ಎರಡು ಲೀಟರ್ ಒಳ್ಳೇ ಗಟ್ಟಿ ಹುಳಿ ಮೊಸರು. ನೀಲಿ ಡ್ರಮ್ಮಿಗೆ ಕಾಲಲ್ಲಿ ತುಳಿದ ಹಾಗೆ ಒತ್ತಿ ತುಂಬಬೇಕು, ಗಾಳಿ ಒಳಗೆ ಉಳಿದ್ರೆ ಬೂಷ್ಟಿಗೆ ಜಾಗ ಕೊಟ್ಟ ಹಾಗೆ. ಬೇಸಿಗೆಯಲ್ಲಿ ಮೂರು ದಿನ, ಚಳಿಗಾಲದಲ್ಲಿ ಐದು ದಿನ. ಪಿಹೆಚ್ ಪೇಪರ್ ಅದ್ದಿದ್ರೆ 4.5ರ ಹತ್ರ ಬರಬೇಕು. ಮೇಲೆ ಹಸಿರು ಕಪ್ಪು ಹಳದಿ ಏನಾದ್ರೂ ಕಂಡ್ರೆ ಮೇಲಿನ ಪದರ ಮಾತ್ರ ತೆಗೆದು ಉಳಿದಿದ್ದು ಹಾಕೋದಲ್ಲ, ಇಡೀ ಡ್ರಮ್ಮೇ ತಿಪ್ಪೆಗೆ, ದನಕ್ಕೂ ಬೇಡ. ತೆಗೆದಿದ್ದನ್ನ ಎರಡು ದಿನದೊಳಗೆ ಖಾಲಿ ಮಾಡ್ರಿ, ಮಿಕ್ಕ ಡ್ರಮ್ ಮುಚ್ಚೇ ಇರಲಿ.

ಹಸಿ ಮಾಲನ್ನ ಹಾಗೇ ಹೊಂಡಕ್ಕೆ ಎರಚಿದ್ರೆ ಸೀಗಡಿಗೆ ಸಿಗಲ್ಲ, ನೀರು ಕೆಡುತ್ತೆ ಅಷ್ಟೇ. ತೌಡು ಹುಳಿಸಿ ಎರಚ್ತಾರಲ್ಲ ಅದು ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಬೆಳೆಸೋಕೆ, ಆ ಲೆಕ್ಕ ಬೇರೆ. ತಿನ್ನಿಸೋಕಾದ್ರೆ ಮೈದಾ ಗಂಜಿ ಅಂಟು ಹಾಕಿ ಶಾವಿಗೆ ಒರಳಲ್ಲಿ ಒತ್ತಿ ನೆರಳಲ್ಲಿ ಒಣಗಿಸ್ರಿ, ಒಂದು ಲೋಟ ನೀರಲ್ಲಿ ಹಾಕಿ ಎರಡು ಗಂಟೆ ಬಿಟ್ಟು ನೋಡಿದ್ರೂ ಆಕಾರ ಉಳಿದಿರಬೇಕು.

ಆಮೇಲೆ ನಿಮ್ಮ ಸೀಗಡಿನೇ ಕೇಳ್ರಿ. ಒಂದೇ ಹೊಂಡದಲ್ಲಿ ಎರಡು ಚೆಕ್ ಟ್ರೇ ಇಳಿಸಿ ಒಂದರಲ್ಲಿ ಹಳೇ ಫೀಡ್ ಒಂದರಲ್ಲಿ ಹೊಸದು, ಮಾರನೇ ದಿನ ಜಾಗ ಅದಲು ಬದಲು ಮಾಡಿ. ಕತ್ತಲಾದ ಮೇಲೆ ಟಾರ್ಚ್ ಬಿಟ್ರೆ ಸ್ಕಾಂಪಿ ಕಣ್ಣು ಕೆಂಡದ ಹಾಗೆ ಹೊಳೀತವೆ. ಉದ್ದನೆ ನೀಲಿ ಕೊಂಡಿ ಹೆಚ್ಚಾಗಿ ಜಗಳಕ್ಕೆ, ತಿನ್ನೋದು ಹೆಚ್ಚಾಗಿ ಮುಂದಿನ ಸಣ್ಣ ಜೋಡಿ ಕಾಲಲ್ಲಿ, ಕಾಳು ಎತ್ತಿ ಬಾಯಿ ಹತ್ರ ತಂದು ತಿರುಗಿಸಿ ತಿರುಗಿಸಿ ನೋಡುತ್ತೆ. ಇಷ್ಟ ಆದ್ರೆ ಹಿಡ್ಕೊಂಡೇ ಹಿಂದಕ್ಕೆ ಸರಿದು ಮೂಲೆಗೆ ಹೋಗುತ್ತೆ, ಇಷ್ಟ ಆಗದಿದ್ರೆ ಅಲ್ಲೇ ಬಿಟ್ಟು ಇನ್ನೊಂದು ಎತ್ತುತ್ತೆ, ಅದನ್ನೂ ಬಿಡುತ್ತೆ. ಹಾಗೆ ಎತ್ತಿ ಬಿಡೋದು ಕಂಡ್ರೆ ಆ ಬ್ಯಾಚ್ ನಾನು ಮುಂದುವರಿಸಲ್ಲ. ತಿಂದ್ರೆ ಒಂದೇ ಸಲ ಬದಲಾಯಿಸದೆ ವಾರಕ್ಕೆ ಕಾಲು ಭಾಗದ ಹಾಗೆ ಸೇರಿಸ್ತಾ ಹೋಗಿ, ಹದಿನೈದು ದಿನಕ್ಕೊಮ್ಮೆ ಬಲೆ ಬೀಸಿ ತೂಕ ನೋಡಿ.

ಹೊಳಲ್ಕೆರೆ ಹುಡುಗನಿಗೆ ಇಷ್ಟು ಹೇಳಿದೆ. ಈಗ ಮಳೆ ಇದೆ, ಶೇಂಗಾ ಬೇಡ. ಆ 70 ರೂಪಾಯಿ ಸೋಯಾ ಒಂದೇ ಚೀಲ ತಗೋ, ಪೆಪ್ಟೈಡ್ ನಂಬರೂ ಅಫ್ಲಟಾಕ್ಸಿನ್ ರಿಪೋರ್ಟೂ ಕೊಟ್ರೆ ಮಾತ್ರ, ಗ್ಲೂಟನ್ ಹತ್ತು ಕೆಜಿ ನಾನು ಬಸ್ಸಿಗೆ ಹಾಕ್ತೀನಿ, ಇರೋ ಫೀಡಿನ ಕಾಲು ಭಾಗಕ್ಕೆ ಬೆರೆಸಿ ಶುರು ಮಾಡು. ಚೀಲ ತಂದವರು ರಿಪೋರ್ಟ್ ವಾಟ್ಸಾಪಲ್ಲಿ ಕಳಿಸ್ತೀನಿ ಅಂದಿದಾರಂತೆ, ಇನ್ನೂ ಬಂದಿಲ್ಲ. ಬರೋ ತನಕ ಚೀಲ ಬಿಚ್ಚಬೇಡ ಅಂದಿದೀನಿ.